ಎಚ್-ಇಂಡೆಕ್ಸ್ 58 ಇರುವ ಗೈಡಾ, 13 ಇರುವ ಗೈಡಾ?

ಓದುಗರ ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಕಡೆಯವಳು. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆ ಫೆಲೋಶಿಪ್ ಕೊಡುವ ಜೆಆರ್‌ಎಫ್ ಪಾಸಾಗಿದ್ದೇನೆ. ಇಮ್ಯುನಾಲಜಿಯಲ್ಲಿ, ಅಂದರೆ ರೋಗನಿರೋಧಕ ಶಕ್ತಿಯ ವಿಜ್ಞಾನದಲ್ಲಿ, ಪಿಎಚ್.ಡಿ. ಮಾಡುವ ಆಸೆ. ಎರಡು ಕಡೆ ಇಂಟರ್‌ವ್ಯೂ ಆಗಿ ಎರಡೂ ಕಡೆ ಸೀಟು ಸಿಕ್ಕಿದೆ. ಮೊದಲನೇ ಗೈಡ್ ಕ್ಯಾನ್ಸರ್ ಇಮ್ಯುನಾಲಜಿಯಲ್ಲಿ ದೊಡ್ಡ ಹೆಸರು. 240 ಪೇಪರ್, 19,000 ಸೈಟೇಶನ್ (ಬೇರೆ ಪೇಪರ್‌ಗಳು ಇವರ ಪೇಪರನ್ನು ಉಲ್ಲೇಖಿಸಿದ್ದು), ಎಚ್-ಇಂಡೆಕ್ಸ್ 58. ನನ್ನ ಜೊತೆ ಹತ್ತು ನಿಮಿಷ ಮಾತಾಡಿದರು. ಎರಡನೆಯವರು ಮಂಗನ ಕಾಯಿಲೆಯಿಂದ ಗುಣವಾದವರ ರೋಗನಿರೋಧಕ ಶಕ್ತಿಯ ಮೇಲೆ ಕೆಲಸ ಮಾಡುತ್ತಾರೆ. ಲ್ಯಾಬ್ ಶುರುವಾಗಿ ಒಂಬತ್ತು ವರ್ಷ. 31 ಪೇಪರ್, 700 ಸೈಟೇಶನ್, ಎಚ್-ಇಂಡೆಕ್ಸ್ 13. ಅವರು ಎರಡು ಗಂಟೆ ಕೂರಿಸಿಕೊಂಡು ಬೋರ್ಡಿನ ಮೇಲೆ ಪ್ರಯೋಗ ಬಿಡಿಸಿ ತೋರಿಸಿದರು. ನನಗೆ ಎರಡನೇ ಕೆಲಸವೇ ಇಷ್ಟ. ಆದರೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಪೇಪರ್ ಹುಡುಕಿ ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್ ತೆಗೆದು ನೋಡಿ, "58 ಬಿಟ್ಟು 13ಕ್ಕೆ ಹೋಗ್ತೀಯಾ, ತಲೆ ಕೆಟ್ಟಿದ್ಯಾ" ಎಂದು ಬೈದ. ಈಗ ಅಪ್ಪನೂ ಅದನ್ನೇ ಹೇಳುತ್ತಿದ್ದಾರೆ. ಸೈಟೇಶನ್ ಕಡಿಮೆ ಅಂದರೆ ಕೆಲಸ ಸರಿ ಇಲ್ಲ ಅಂತಲೇ ಅರ್ಥವಾ? ಮುಂದೆ ನನಗೆ ತೊಂದರೆ ಆಗುತ್ತದಾ?

ಉತ್ತರ:

ನಿಮ್ಮ ಪತ್ರದಲ್ಲಿ ಒಂದೇ ಪ್ರಶ್ನೆ ಇದ್ದ ಹಾಗೆ ಕಾಣುತ್ತದೆ, ಆದರೆ ಇರುವುದು ಎರಡು. ಈ ಅಂಕಿಗಳು ಏನನ್ನು ಅಳೆಯುತ್ತವೆ ಅನ್ನುವುದು ಒಂದು. ಐದು ವರ್ಷ ಯಾರ ಲ್ಯಾಬಿನಲ್ಲಿ ಕೂತು ಕೆಲಸ ಕಲಿಯಬೇಕು ಅನ್ನುವುದು ಇನ್ನೊಂದು. ನಿಮ್ಮ ಅಣ್ಣ ಮೊದಲನೆಯದನ್ನು ನೋಡಿ ಎರಡನೆಯದಕ್ಕೆ ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅವರನ್ನು ಬೈಯಬೇಡಿ. ಆಯ್ಕೆ ಸಮಿತಿಯಲ್ಲಿ ಕೂತ ನಾವೂ ಇದನ್ನೇ ಮಾಡುತ್ತೇವೆ. ಊಟದ ಹೊತ್ತಿಗೆ ನಲವತ್ತು ಅರ್ಜಿ ಮುಗಿಸಬೇಕು ಅಂದಾಗ ಕಣ್ಣು ತಾನಾಗಿ ಆ ಒಂದು ಅಂಕಿಗೆ ಹೋಗುತ್ತದೆ, ಪೇಪರ್ ತೆರೆದು ಓದುವವರು ಕಡಿಮೆ.

ಬೇರೆಯವರ ಪಟ್ಟಿ ಯಾಕೆ, ನನ್ನದನ್ನೇ ತೆಗೆಯುತ್ತೇನೆ. ನನ್ನ ಪ್ರೊಫೈಲಿನಲ್ಲಿ ಅತಿ ಹೆಚ್ಚು ಸೈಟೇಶನ್ ಇರುವ ಪೇಪರಿಗೆ 23 ಜನ ಲೇಖಕರು. ಅದರಲ್ಲಿ ನನ್ನ ಹೆಸರು 14ನೆಯದು. ನಾನು ಮಾಡಿದ್ದು ಇಷ್ಟು: ಕೆಲವು ರೋಗಿಗಳ ರಕ್ತದಿಂದ ಬಿಳಿ ಕಣ ಬೇರ್ಪಡಿಸಿ, ಫ್ರೀಜ್ ಮಾಡಿ, ಡ್ರೈ ಐಸ್ ತುಂಬಿದ ಡಬ್ಬಿಯಲ್ಲಿ ಕೊರಿಯರ್ ಮಾಡಿದ್ದು. ಆಮೇಲೆ ಡ್ರಾಫ್ಟ್ ಬಂತು, ಎರಡು ಕಾಗುಣಿತ ತಿದ್ದಿ ಕಳಿಸಿದೆ. ನನ್ನ ಮೊದಲ ವಿದ್ಯಾರ್ಥಿನಿಯ ಜೊತೆ ನಾಲ್ಕು ವರ್ಷ ಒದ್ದಾಡಿ ಬರೆದ ಪೇಪರ್ ಇದೆ. ಇಮ್ಯುನಾಲಜಿ ಅಂದರೇನು ಅಂತ ನನಗೆ ಗೊತ್ತಾದದ್ದೇ ಆ ಕೆಲಸದಿಂದ. ಅದಕ್ಕೆ ಇವತ್ತಿಗೂ 17 ಸೈಟೇಶನ್, ಅದರಲ್ಲಿ ನಾಲ್ಕು ನನ್ನವೇ.

ಈಗ ಎಚ್-ಇಂಡೆಕ್ಸ್. ಇದನ್ನು 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದರು. ಲೆಕ್ಕ ಸುಲಭ. ನಿಮ್ಮ ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಸಾಲಾಗಿ ಬರೆಯಿರಿ. 40, 22, 9, 6, 5, 1, 0 ಅಂದುಕೊಳ್ಳಿ. ಐದನೇ ಪೇಪರಿಗೆ ಕನಿಷ್ಠ ಐದು ಇದೆ, ಆರನೆಯದಕ್ಕೆ ಆರು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 5. ಈಗ ಮೊದಲ ಪೇಪರಿಗೆ 40ರ ಬದಲು 4,000 ಸೈಟೇಶನ್ ಬಂದರೂ ಅದು 5ರಲ್ಲೇ ಇರುತ್ತದೆ. ಐದರಲ್ಲಿ ಒಂದು ದೊಡ್ಡ ಕೆಲಸ ಮಾಡಿದವರಿಗೂ ಐದೂ ಸಾಧಾರಣ ಪೇಪರ್ ಬರೆದವರಿಗೂ ಇಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇನ್ನೊಂದು ವಿಷಯ, ಈ ಅಂಕಿ ಇಳಿಯುವುದೇ ಇಲ್ಲ ಅನ್ನಬಹುದು. ನಾಳೆ ನಾನು ರಿಟೈರ್ ಆಗಿ ತೋಟ ನೋಡಿಕೊಂಡು ಕೂತರೂ ಅದು ಏರುತ್ತಲೇ ಇರುತ್ತದೆ. 58ರಲ್ಲಿ ವಯಸ್ಸಿನ ಪಾಲು ಎಷ್ಟು ಅಂತ ಕೇಳಿ ನೋಡಿ. ಮೂವತ್ತು ವರ್ಷದ ಲ್ಯಾಬನ್ನು ಒಂಬತ್ತು ವರ್ಷದ ಲ್ಯಾಬಿನ ಪಕ್ಕ ನಿಲ್ಲಿಸುವುದು ಅಜ್ಜನ ತೆಂಗಿನ ಮರದ ಪಕ್ಕ ಮೊನ್ನೆ ನೆಟ್ಟ ಸಸಿ ನಿಲ್ಲಿಸಿ ಕಾಯಿ ಎಣಿಸಿದ ಹಾಗೆ.

ವಯಸ್ಸಿಗಿಂತ ದೊಡ್ಡದು ಜನಸಂಖ್ಯೆ. ನಿಮ್ಮನ್ನು ಸೈಟ್ ಮಾಡಬೇಕಾದರೆ ನಿಮ್ಮ ವಿಷಯದ ಮೇಲೆ ಪೇಪರ್ ಬರೆಯುವವರು ಇರಬೇಕಲ್ಲ. ಕ್ಯಾನ್ಸರ್ ಇಮ್ಯುನಾಲಜಿ ಈಗ ಜಾತ್ರೆ. ರೋಗದ ವಿರುದ್ಧ ಹೋರಾಡುವ ಟಿ ಕಣಗಳ ಬ್ರೇಕ್ ತೆಗೆದರೆ ಅವು ಗಡ್ಡೆಯ ಮೇಲೆ ಬೀಳುತ್ತವೆ ಅಂತ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಔಷಧ ಕಂಪನಿಗಳು ಬಂದವು, ಆಸ್ಪತ್ರೆಗಳು ಬಂದವು, ಹಣ ಬಂತು. ಅಲ್ಲಿ ಒಂದು ಸಾಧಾರಣ ಪೇಪರ್ ಬರೆದರೂ ಯಾರಾದರೂ ಮುನ್ನುಡಿಯಲ್ಲಿ ಹೆಸರು ಹಾಕುತ್ತಾರೆ, ಯಾಕೆಂದರೆ ಇಮ್ಯುನಾಲಜಿ ಪೇಪರಿನ ಕೊನೆಯ ಉಲ್ಲೇಖ ಪಟ್ಟಿಯಲ್ಲಿ ಅರವತ್ತು ಎಪ್ಪತ್ತು ಹೆಸರು ಇರುವುದು ಮಾಮೂಲು. ಗಣಿತದವರ ಪಟ್ಟಿ ನೋಡಿ, ಇದರ ಅರ್ಧವೂ ಇರುವುದಿಲ್ಲ. ಅದಕ್ಕೇ ಗಣಿತಜ್ಞರ ಸೈಟೇಶನ್ನನ್ನು ನಮ್ಮದರ ಜೊತೆ ಹೋಲಿಸಿದರೆ ಅವರು ನಗುತ್ತಾರೆ.

ಮಂಗನ ಕಾಯಿಲೆ ನಿಮಗೆ ನಾನು ಹೇಳಬೇಕಾಗಿಲ್ಲ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ವೈರಸ್. ಉಣುಗು ಕಚ್ಚಿ ಬರುತ್ತದೆ, ಮಂಗ ಸಾಯುತ್ತವೆ, ಆಮೇಲೆ ದರಗು ತರಲು ಹೋದವರಿಗೆ ಜ್ವರ. ಇದರ ಮೇಲೆ ಪ್ರಪಂಚದಲ್ಲಿ ಎಷ್ಟು ಲ್ಯಾಬ್ ಕೆಲಸ ಮಾಡುತ್ತಿವೆ? ಬೆರಳೆಣಿಕೆ. ಆ ಬೆರಳೆಣಿಕೆಯ ಲ್ಯಾಬ್‌ಗಳೆಲ್ಲ ನಿಮ್ಮ ಗೈಡ್ ಪೇಪರನ್ನು ಪ್ರತಿ ಸಲ ಸೈಟ್ ಮಾಡಿದರೂ ಅಂಕಿ ಮೇಲೆ ಹೋಗುವುದಿಲ್ಲ. ಇಷ್ಟು ಸಣ್ಣ ಊರಿನಲ್ಲಿ 700 ಸೈಟೇಶನ್ ಅಂದರೆ ನನಗೆ ಕಡಿಮೆ ಅನ್ನಿಸುವುದಿಲ್ಲ. ಅದರಲ್ಲಿ ಎಷ್ಟು ಮಂಗನ ಕಾಯಿಲೆಯದು, ಎಷ್ಟು ಅವರು ಪಿಎಚ್.ಡಿ. ಮುಗಿಸಿ ಪೋಸ್ಟ್‌ಡಾಕ್ ಇದ್ದಾಗ ಬೇರೆ ಲ್ಯಾಬಿನಲ್ಲಿ ಮಾಡಿದ ಕೆಲಸದ್ದು ಅಂತ ಮಾತ್ರ ನೋಡಿ. ಅದು ಮುಖ್ಯ, ಮುಂದೆ ಹೇಳುತ್ತೇನೆ.

ಲೇಖಕರ ಸಾಲಿನಲ್ಲಿ ಹೆಸರು ಎಲ್ಲಿದೆ ಅನ್ನುವುದನ್ನು ಈ ಅಂಕಿಗಳು ನೋಡುವುದೇ ಇಲ್ಲ. ನಮ್ಮ ಕ್ಷೇತ್ರದಲ್ಲಿ ಮೊದಲ ಹೆಸರು ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ಮಧ್ಯದಲ್ಲಿರುವವರು ಸ್ಯಾಂಪಲ್ ಕೊಟ್ಟವರು, ಮೆಷಿನ್ ಕೊಟ್ಟವರು, ಇಲಿ ಕೊಟ್ಟವರು. ಇಲಿ ಅಂದಾಗ ನೆನಪಾಯಿತು. ಒಸಾಕಾದ ಶಿಜುವೊ ಅಕಿರಾ ರೋಗಾಣು ಬಂದದ್ದನ್ನು ಗುರುತಿಸುವ ಟೋಲ್-ಲೈಕ್ ರಿಸೆಪ್ಟರ್‌ಗಳ ಜೀನ್‌ಗಳನ್ನು ಒಂದೊಂದಾಗಿ ಕೆಡಿಸಿದ ಇಲಿಗಳನ್ನು ತಯಾರಿಸಿ ಜಗತ್ತಿನ ಎಷ್ಟೋ ಲ್ಯಾಬ್‌ಗಳಿಗೆ ಕಳಿಸಿದರು. ಇಲಿ ಹೋದಲ್ಲೆಲ್ಲ ಹೆಸರೂ ಹೋಯಿತು. ಅವರ ಸ್ವಂತ ಕೆಲಸವೂ ಅಷ್ಟೇ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಸೈಟೇಶನ್ ರಾಶಿಯಲ್ಲಿ ಎರಡೂ ಸೇರಿದೆ, ಹೊರಗಿನಿಂದ ನೋಡುವವರಿಗೆ ಬೇರ್ಪಡಿಸಿ ತೋರುವುದಿಲ್ಲ. ನಿಮ್ಮ ಮೊದಲ ಗೈಡ್ 240ರಲ್ಲಿ ಎಷ್ಟರಲ್ಲಿ ಕೊನೆಯ ಹೆಸರು ಅಂತ ಎಣಿಸಿ. ಅರ್ಧ ಗಂಟೆ ಸಾಕು.

ಮತ್ತೆ ರಿವ್ಯೂ ಲೇಖನಗಳು. ಒಂದೂ ಪ್ರಯೋಗ ಮಾಡದೆ, ಬೇರೆಯವರು ಮಾಡಿದ್ದನ್ನೆಲ್ಲ ಓದಿ ಒಪ್ಪವಾಗಿ ಜೋಡಿಸಿ ಬರೆಯುವುದು. ಒಳ್ಳೆ ರಿವ್ಯೂ ಬರೆಯುವುದು ಸುಲಭ ಅಂತ ನಾನು ಹೇಳುವುದಿಲ್ಲ. ಆದರೆ ಅವಸರದಲ್ಲಿರುವವರು ಹತ್ತು ಮೂಲ ಪೇಪರ್ ಓದುವ ಬದಲು ಒಂದು ರಿವ್ಯೂ ಸೈಟ್ ಮಾಡಿ ಕೈತೊಳೆದುಕೊಳ್ಳುತ್ತಾರೆ, ಹಾಗಾಗಿ ರಿವ್ಯೂಗೆ ಸೈಟೇಶನ್ ಜಾಸ್ತಿ. ವಿಧಾನ ಹೇಳುವ ಪೇಪರ್‌ಗಳದ್ದೂ ಇದೇ ಕಥೆ. ಪ್ರಪಂಚದಲ್ಲಿ ಅತಿ ಹೆಚ್ಚು ಸೈಟ್ ಆದ ಪೇಪರ್ ಯಾವುದು ಗೊತ್ತಾ? ಡಿಎನ್ಎ ರಚನೆಯದ್ದಲ್ಲ, ಲಸಿಕೆಯದ್ದಲ್ಲ. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ನೀವು ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ನೀಲಿ ಬಣ್ಣ ಬರಲಿ ಅಂತ ಕಾದಿರುತ್ತೀರಲ್ಲ, ಅದೇ ಲೌರಿ ವಿಧಾನ, 1951ರದು. 2014ರ ಹೊತ್ತಿಗೇ ಮೂರು ಲಕ್ಷ ದಾಟಿತ್ತು.

ಸೈಟೇಶನ್ ಅಂದರೆ ಹೊಗಳಿಕೆ ಅಂತ ಒಂದು ನಂಬಿಕೆ ಇದೆ. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲ್ಯಾನ್ಸೆಟ್ ಪೇಪರನ್ನು ತೆಗೆದುಕೊಳ್ಳಿ. 2010ರಲ್ಲಿ ಜರ್ನಲ್ ಅದನ್ನು ಪೂರ್ತಿ ಹಿಂದಕ್ಕೆ ಪಡೆಯಿತು. ಅದಕ್ಕೆ ಸಾವಿರಕ್ಕೂ ಹೆಚ್ಚು ಸೈಟೇಶನ್ ಇದೆ, ಬಹುಪಾಲು "ಇದು ತಪ್ಪು" ಅಂತ ಹೇಳುವುದಕ್ಕೆ. ಎಣಿಸುವ ಯಂತ್ರಕ್ಕೆ ಬೈಗುಳವೂ ಒಂದು, ಶಹಬ್ಬಾಸೂ ಒಂದು.

ಜರ್ನಲ್ ಹೆಸರಿನ ಬಗ್ಗೆಯೂ ಸ್ವಲ್ಪ ಹೇಳಬೇಕು, ಯಾಕೆಂದರೆ ಅಣ್ಣನ ಮುಂದಿನ ಬಾಣ ಅದೇ ಇರುತ್ತದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುವುದನ್ನು ಯೂಜೀನ್ ಗಾರ್ಫೀಲ್ಡ್ ತಂದದ್ದು ಜರ್ನಲ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದಕ್ಕೆ. ಯಾವ ಜರ್ನಲಿಗೆ ಚಂದಾ ಕಟ್ಟಬೇಕು ಅಂತ ಲೈಬ್ರರಿಯವರು ಅದನ್ನು ನೋಡುತ್ತಿದ್ದರು. ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಬಂದ ಸೈಟೇಶನ್ನಿನ ಸರಾಸರಿ, ಅಷ್ಟೇ. ಸರಾಸರಿ ಅಂದಮೇಲೆ ಒಬ್ಬರು ಹತ್ತು ಜನರ ಊಟ ಮಾಡಿದರೂ ಎಲ್ಲರ ಹೊಟ್ಟೆ ತುಂಬಿದ ಹಾಗೆ ಲೆಕ್ಕ. ಸ್ಫಟಿಕ ವಿಜ್ಞಾನದ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಜರ್ನಲ್ಲಿನಲ್ಲಿ 2008ರಲ್ಲಿ ಒಂದು ಸಾಫ್ಟ್‌ವೇರ್ ಬಗ್ಗೆ ಒಂದೇ ಒಂದು ಲೇಖನ ಬಂತು. ಆ ಸಾಫ್ಟ್‌ವೇರ್ ಬಳಸಿದವರೆಲ್ಲ ಅದನ್ನು ಸೈಟ್ ಮಾಡಿದರು. ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ಒಂದೇ ವರ್ಷದಲ್ಲಿ ಸುಮಾರು 2ರಿಂದ ಸುಮಾರು 50ಕ್ಕೆ ಹಾರಿತು. ಪಕ್ಕದ ಪುಟದಲ್ಲಿದ್ದ ಪೇಪರ್‌ಗಳು ಇದ್ದ ಹಾಗೇ ಇದ್ದವು.

ನಮ್ಮ ಕ್ಷೇತ್ರದ್ದೇ ಒಂದು ಕಥೆ ನನಗೆ ತುಂಬಾ ಇಷ್ಟ, ಪ್ರತಿ ವರ್ಷ ಹೊಸ ಬ್ಯಾಚಿಗೆ ಹೇಳುತ್ತೇನೆ. ಕೋಳಿಯ ಬಾಲದ ಹತ್ತಿರ, ಗುದದ್ವಾರದ ಮೇಲೆ, ಬುರ್ಸಾ ಆಫ್ ಫ್ಯಾಬ್ರಿಶಿಯಸ್ ಅನ್ನುವ ಒಂದು ಪುಟ್ಟ ಚೀಲ ಇದೆ. ಅದು ಯಾಕಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳಿಂದ ಅದನ್ನು ಕತ್ತರಿಸಿ ತೆಗೆದು ಏನಾಗುತ್ತದೆ ಅಂತ ನೋಡುತ್ತಿದ್ದರು. ವಿಶೇಷ ಏನೂ ಆಗಲಿಲ್ಲ. ಅಷ್ಟರಲ್ಲಿ ಚಾಂಗ್ ಎಂಬ ಇನ್ನೊಬ್ಬ ವಿದ್ಯಾರ್ಥಿಗೆ ಕ್ಲಾಸಿನಲ್ಲಿ ತೋರಿಸಲು ಕೋಳಿ ಬೇಕಿತ್ತು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಚುಚ್ಚಿದರೆ ರಕ್ತದಲ್ಲಿ ಆಂಟಿಬಾಡಿ ಬರುತ್ತದೆ ಅಂತ ಮಕ್ಕಳಿಗೆ ತೋರಿಸುವುದು. ಗ್ಲಿಕ್ ಹತ್ತಿರ ಇದ್ದ ಕೋಳಿಗಳನ್ನು ತೆಗೆದುಕೊಂಡು ಹೋದರು. ಚುಚ್ಚಿದರೆ ಆಂಟಿಬಾಡಿ ಬರಲೇ ಇಲ್ಲ. ಕ್ಲಾಸ್ ಕೆಟ್ಟಿತು. ಯಾವ ಕೋಳಿ ಅಂತ ನೋಡಿದರೆ ಬುರ್ಸಾ ತೆಗೆದವು! ಆಂಟಿಬಾಡಿ ಮಾಡುವ ಕಣಗಳು ಬೆಳೆಯುವ ಜಾಗ ಅದು ಅನ್ನುವ ಸುಳಿವು ಸಿಕ್ಕಿದ್ದು ಹೀಗೆ, ಕೆಟ್ಟುಹೋದ ಒಂದು ಡೆಮೊದಿಂದ. ಸೈನ್ಸ್ ಜರ್ನಲಿಗೆ ಕಳಿಸಿದರೆ ಬೇಡ ಅಂದರು. ಕೊನೆಗೆ 1956ರಲ್ಲಿ ಪೌಲ್ಟ್ರಿ ಸೈನ್ಸ್ ಎಂಬ ಕೋಳಿ ಸಾಕಣೆಯ ಜರ್ನಲಿನಲ್ಲಿ ಬಂತು. ಇಮ್ಯುನಾಲಜಿಯವರು ಕೋಳಿ ಜರ್ನಲ್ ಓದುತ್ತಾರಾ? ಕೆಲವು ವರ್ಷ ಅದು ಹಾಗೇ ಬಿದ್ದಿತ್ತು. 1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ರಾಬರ್ಟ್ ಗುಡ್ ಅವರ ತಂಡ ಬುರ್ಸಾದ ದಾರಿ ಬೇರೆ, ಟಿ ಕಣಗಳು ಬೆಳೆಯುವ ಥೈಮಸ್ ಗ್ರಂಥಿಯ ದಾರಿ ಬೇರೆ ಅಂತ ತೋರಿಸಿದ ಮೇಲೆ ಅದರ ಬೆಲೆ ಎಲ್ಲರಿಗೂ ಗೊತ್ತಾಯಿತು. ನೀವು ಪರೀಕ್ಷೆಯಲ್ಲಿ ಆಂಟಿಬಾಡಿ ಮಾಡುವ ಕಣಕ್ಕೆ ಬಿ ಸೆಲ್ ಅಂತ ಬರೆಯುತ್ತೀರಲ್ಲ, ಆ ಬಿ ಮೂಳೆ ಮಜ್ಜೆಯ ಬೋನ್‌ನಿಂದ ಬಂದದ್ದಲ್ಲ, ಈ ಬುರ್ಸಾದಿಂದ.

ಹಾಗಂತ ಸೈಟೇಶನ್ ಕಡಿಮೆ ಇರುವವರೆಲ್ಲ ಬ್ರೂಸ್ ಗ್ಲಿಕ್ ಅಂದುಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸ್ಟಾಫ್ ರೂಮುಗಳಲ್ಲಿ ಈ ಸಮಾಧಾನ ಬಹಳ ಓಡುತ್ತದೆ. ಎಂಆರ್‌ಎನ್‌ಎ ಲಸಿಕೆಗೆ ದಾರಿ ಮಾಡಿಕೊಟ್ಟ ಕಾತಲಿನ್ ಕಾರಿಕೊ ಅವರ 2005ರ ಪೇಪರನ್ನೂ ಮೊದಲು ಯಾರೂ ಕಣ್ಣೆತ್ತಿ ನೋಡಲಿಲ್ಲ, 2023ರಲ್ಲಿ ನೊಬೆಲ್ ಬಂತು, ನಮಗೂ ಕಾಲ ಬರುತ್ತದೆ ಅಂತ. ಬರಬಹುದು. ಆದರೆ ಯಾರೂ ಸೈಟ್ ಮಾಡದ ಪೇಪರ್‌ಗಳಲ್ಲಿ ಹೆಚ್ಚಿನವು ಯಾರಿಗೂ ಬೇಡವಾಗಿದ್ದಕ್ಕೇ ಹಾಗೆ ಇವೆ. ಹೊಸದೇನೂ ಇಲ್ಲ, ಹೋಲಿಸಿ ನೋಡುವ ಕಂಟ್ರೋಲ್ ಗುಂಪು ಸರಿ ಇಲ್ಲ, ಐದು ಇಲಿಯಲ್ಲಿ ಮಾಡಿ ಬಿಟ್ಟಿದ್ದಾರೆ. ಅಂಕಿ ಕಡಿಮೆ ಇದೆ ಅಂದರೆ ವಿಷಯ ಸಣ್ಣದಾ, ಲ್ಯಾಬ್ ಹೊಸದಾ, ಕೆಲಸ ಪೊಳ್ಳಾ ಅನ್ನುವುದು ಪೇಪರ್ ತೆರೆದರೆ ಮಾತ್ರ ಗೊತ್ತಾಗುವುದು.

ಅಂಕಿ ಜಾಸ್ತಿ ಇದ್ದರೂ ಹಾಗೇ, ಒಳಗೆ ಏನಿದೆ ನೋಡಬೇಕು. ಗೂಗಲ್ ಸ್ಕಾಲರ್ ಕಂಡದ್ದನ್ನೆಲ್ಲ ಎಣಿಸುತ್ತದೆ, ಅಲ್ಲಿ ಕಾವಲುಗಾರ ಇಲ್ಲ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಸಂಶೋಧಕರು ಐಕ್ ಆಂಟ್‌ಕೇರ್ ಎಂಬ ಇಲ್ಲದ ವಿಜ್ಞಾನಿಯ ಹೆಸರಲ್ಲಿ ನೂರು ಚಿಲ್ಲರೆ ಅರ್ಥವಿಲ್ಲದ ಪೇಪರ್ ಹುಟ್ಟುಹಾಕಿ, ಒಂದರಲ್ಲಿ ಒಂದನ್ನು ಸೈಟ್ ಮಾಡಿಸಿ ಎಚ್-ಇಂಡೆಕ್ಸ್ 94 ಮಾಡಿ ತೋರಿಸಿದರು. 2024ರಲ್ಲಿ ಲ್ಯಾರಿ ಅನ್ನುವ ಬೆಕ್ಕಿಗೂ ಇದೇ ಉಪಾಯದಲ್ಲಿ 11 ಬಂತು. ನಿಮ್ಮ ಎರಡನೇ ಗೈಡಿಗಿಂತ ಎರಡೇ ಕಡಿಮೆ. ತಮಾಷೆ ಅಲ್ಲ, ದುಡ್ಡು ಕೊಟ್ಟು ಸೈಟೇಶನ್ ಕೊಳ್ಳುವ ಅಂಗಡಿಗಳು ನಿಜಕ್ಕೂ ಇವೆ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಡೇಟಾಬೇಸುಗಳು ಆಯ್ದ ಜರ್ನಲ್‌ಗಳನ್ನು ಮಾತ್ರ ಎಣಿಸುವುದರಿಂದ ಅಲ್ಲಿ ಅಂಕಿ ಕಡಿಮೆ ಇರುತ್ತದೆ. ಒಬ್ಬರದು ಒಂದರಿಂದ, ಇನ್ನೊಬ್ಬರದು ಇನ್ನೊಂದರಿಂದ ತೆಗೆದು ಹೋಲಿಸಬೇಡಿ. ಇನ್ನು ನಮ್ಮ ಕಡೆಯ ಹೆಸರುಗಳ ಗೋಳು. ಒಂದೇ ಇನಿಶಿಯಲ್ಲಿನ ಕುಮಾರ್, ರಾವ್, ಗೌಡ ಎಷ್ಟು ಜನ! ಕೃಷಿ ವಿಜ್ಞಾನಿಯ ಪೇಪರ್ ಇಮ್ಯುನಾಲಜಿಸ್ಟ್ ಪ್ರೊಫೈಲಿಗೆ ಬಂದು ಕೂತಿರುತ್ತದೆ, ಅವರೂ ತೆಗೆಯಲು ಹೋಗುವುದಿಲ್ಲ.

ಟಾಪ್ ಶೇಕಡಾ 2 ವಿಜ್ಞಾನಿಗಳ ಪಟ್ಟಿ ಬಂದಾಗ ಕಾಲೇಜು ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರಲ್ಲ, ಅದನ್ನೂ ಕೇಳುತ್ತೀರಿ ಅಂತ ಗೊತ್ತು. ಸ್ಟ್ಯಾನ್‌ಫರ್ಡಿನ ಜಾನ್ ಯೊಆನಿಡಿಸ್ ತಂಡ ಸ್ಕೋಪಸ್ ಮಾಹಿತಿಯಿಂದ ಮಾಡುವ ಪಟ್ಟಿ ಅದು. ಸುಮ್ನೆ ಸೈಟೇಶನ್ ಎಣಿಸುವುದಕ್ಕಿಂತ ಮೇಲು, ಮೊದಲ ಮತ್ತು ಕೊನೆಯ ಲೇಖಕರಾಗಿದ್ದರೆ ತೂಕ ಕೊಡುತ್ತದೆ, ಸ್ವಂತ ಸೈಟೇಶನ್ ತೆಗೆದೂ ಲೆಕ್ಕ ಹಾಕುತ್ತದೆ. ಪ್ರಶಸ್ತಿ ಮಾತ್ರ ಅಲ್ಲ. ಅದೊಂದು ಸ್ಪ್ರೆಡ್‌ಶೀಟು.

ಸ್ವಂತ ಪೇಪರನ್ನು ತಾವೇ ಸೈಟ್ ಮಾಡಿಕೊಳ್ಳುವುದು ಪಾಪ ಅಲ್ಲ. ಹಿಂದಿನ ಕೆಲಸದ ಮೇಲೆ ಮುಂದಿನದು ನಿಂತಿದ್ದರೆ ಹೇಳಲೇಬೇಕು. ಬೇರೆಯವರ ಕೈ ತಿರುಚಿ ಮಾಡಿಸುವುದು ಪಾಪ. ಒಮ್ಮೆ ನನ್ನ ಪೇಪರ್ ಪರಿಶೀಲಿಸಿದ ಒಬ್ಬರು, ಹೆಸರು ಗುಟ್ಟು ಅನ್ನುವ ಧೈರ್ಯದಲ್ಲಿ, "ಈ ಆರು ಮುಖ್ಯ ಪೇಪರ್ ಬಿಟ್ಟುಹೋಗಿವೆ" ಅಂತ ಬರೆದರು. ಆರರಲ್ಲೂ ಒಂದೇ ಹೆಸರು. ಕೆಲಸಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ವಿದ್ಯಾರ್ಥಿಯ ಥೀಸಿಸ್ ನಿಂತಿತ್ತು. ಎರಡು ಹಾಕಿ, ನಾಲ್ಕು ಬಿಟ್ಟು, ಹಲ್ಲು ಕಚ್ಚಿಕೊಂಡು ಕಳಿಸಿದೆ. ಇವತ್ತಾದರೆ ಸಂಪಾದಕರಿಗೆ ನೇರ ಪತ್ರ ಬರೆಯುತ್ತಿದ್ದೆ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಗೈಡ್ ಆಯ್ಕೆಗೆ ನೀವು ನೋಡಬೇಕಾದ ಪ್ರಕಟಣೆಯ ದಾಖಲೆ ಗೈಡಿನದ್ದಲ್ಲ, ಅವರ ವಿದ್ಯಾರ್ಥಿಗಳದ್ದು. ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಪೇಪರ್ ಹುಡುಕುವ ತಾಣ) ಗೈಡ್ ಹೆಸರು ಹಾಕಿ ಕಳೆದ ಆರು ವರ್ಷದ ಪೇಪರ್ ತೆಗೆಯಿರಿ. ಅವರು ಕೊನೆಯ ಲೇಖಕರಾಗಿರುವವು ಮಾತ್ರ ಇಟ್ಟುಕೊಳ್ಳಿ. ಪ್ರತಿಯೊಂದರ ಮೊದಲ ಹೆಸರು ಬರೆದುಕೊಳ್ಳಿ. ಆ ಹೆಸರು ವಿದ್ಯಾರ್ಥಿಯದಾ, ಪೋಸ್ಟ್‌ಡಾಕ್‌ದಾ, ಹೊರಗಿನ ಡಾಕ್ಟರದಾ? ಆಮೇಲೆ ದೇಶದ ಥೀಸಿಸ್‌ಗಳನ್ನು ಇಟ್ಟಿರುವ ಶೋಧಗಂಗಾ ತಾಣದಲ್ಲಿ ಆ ಲ್ಯಾಬಿನ ಥೀಸಿಸ್‌ಗಳು ಸಿಗುತ್ತವಾ ನೋಡಿ. ಸಿಕ್ಕರೆ ಯಾವಾಗ ಸೇರಿದರು, ಯಾವಾಗ ಮುಗಿಸಿದರು ಅಂತ ಅಂದಾಜು ಸಿಗುತ್ತದೆ. ಫೆಲೋಶಿಪ್ ಇರುವುದು ಐದು ವರ್ಷ, ಎರಡು ಜೆಆರ್‌ಎಫ್, ಮೂರು ಎಸ್‌ಆರ್‌ಎಫ್. ಆರೂವರೆ ವರ್ಷಕ್ಕೆ ಮುಗಿಸುವ ಲ್ಯಾಬಾದರೆ ಕೊನೆಯ ಒಂದೂವರೆ ವರ್ಷ ಮನೆಯಿಂದ ದುಡ್ಡು ತರಿಸಬೇಕಾಗುತ್ತದೆ, ಅಪ್ಪನಿಗೆ ಇದನ್ನು ಹೇಳಿ. ಸೇರಿ ಅರ್ಧದಲ್ಲಿ ಬಿಟ್ಟುಹೋದವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಲ್ಯಾಬಿನ ಹಳೆಯ ವೆಬ್ ಪುಟದ ಗ್ರೂಪ್ ಫೋಟೋದಲ್ಲಿ ಇರುತ್ತಾರೆ! ಫೋಟೋದಲ್ಲಿದ್ದು ಪೇಪರಿನಲ್ಲಿ ಇಲ್ಲದವರು ಎಷ್ಟು ಅಂತ ಎಣಿಸಿ.

ಪಬ್‌ಪಿಯರ್ ಅನ್ನುವ ತಾಣದಲ್ಲೂ ಎರಡೂ ಹೆಸರು ಹುಡುಕಿ. ಒಂದೇ ಬ್ಲಾಟ್ ಚಿತ್ರ (ಪ್ರೋಟೀನ್ ಪಟ್ಟಿಗಳ ಫೋಟೋ) ಎರಡು ಪೇಪರಿನಲ್ಲಿ ಬೇರೆ ಬೇರೆ ಹೆಸರಲ್ಲಿ ಬಂದಿದ್ದರೆ ಅಲ್ಲಿ ಯಾರಾದರೂ ಬರೆದಿರುತ್ತಾರೆ. ಒಂದು ಕಾಮೆಂಟ್ ಇದ್ದ ಮಾತ್ರಕ್ಕೆ ಹೆದರಬೇಡಿ, ಗೈಡ್ ಅದಕ್ಕೆ ಏನು ಉತ್ತರ ಕೊಟ್ಟಿದ್ದಾರೆ ನೋಡಿ. ಕಾಮೆಂಟ್ ಹತ್ತು, ಉತ್ತರ ಸೊನ್ನೆ ಅಂದರೆ ಆ ಕಡೆ ಹೋಗಬೇಡಿ, ಎಚ್-ಇಂಡೆಕ್ಸ್ 158 ಇದ್ದರೂ.

ಮೊದಲ ಲ್ಯಾಬಿಗೆ ಹೋದರೆ ಏನು? ಯಂತ್ರ ಚೆನ್ನಾಗಿರುತ್ತವೆ. ಕಣಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್ ಸ್ಲಾಟಿಗೆ ಕಾಯಬೇಕಾಗಿಲ್ಲ, ಆಂಟಿಬಾಡಿ ವಯಲ್ ಮುಗಿದರೆ ಮೂರು ತಿಂಗಳು ಬಿಲ್ಲು ಓಡಾಡುವುದಿಲ್ಲ. ವಿದೇಶದಲ್ಲಿ ಪೋಸ್ಟ್‌ಡಾಕ್ ಹುಡುಕುವಾಗ ಗೈಡಿನ ಒಂದು ಫೋನ್ ಕರೆ ಬಾಗಿಲು ತೆರೆಯುತ್ತದೆ, ಇದು ನಿಜ, ನಾನು ಮುಚ್ಚಿಡುವುದಿಲ್ಲ. ಅಪಾಯ ಅಂದರೆ ನಿಮ್ಮ ಗೈಡ್ ನಿಮಗೆ ಸಿಗುವುದಿಲ್ಲ. ಆ ಹತ್ತು ನಿಮಿಷವೇ ಮುಂದಿನ ಐದು ವರ್ಷದ ಸ್ಯಾಂಪಲ್ ಇರಬಹುದು. ದಿನನಿತ್ಯ ಕಲಿಸುವವರು ಒಬ್ಬ ಸೀನಿಯರ್ ಪೋಸ್ಟ್‌ಡಾಕ್. ಅವರು ಒಳ್ಳೆಯವರಾದರೆ ನೀವು ಗೆದ್ದಿರಿ. ಇಲ್ಲದಿದ್ದರೆ ಇನ್ನೊಬ್ಬರ ಪ್ರಾಜೆಕ್ಟಿಗೆ ನಾಲ್ಕನೇ ಚಿತ್ರ ಮಾಡಿಕೊಡುತ್ತಾ ಕೂರುತ್ತೀರಿ. ಗುಂಪು ಜಾಸ್ತಿ ಇರುವ ವಿಷಯದಲ್ಲಿ ನಿಮ್ಮ ಫಲಿತಾಂಶವನ್ನೇ ಶಾಂಘೈಯವರೋ ಬಾಸ್ಟನ್‌ನವರೋ ಆರು ತಿಂಗಳು ಮೊದಲು ಹಾಕಿಬಿಡುವುದೂ ಇದೆ.

ಎರಡನೇ ಲ್ಯಾಬಿನ ಅಪಾಯ ಬೇರೆ ಥರ. ಮಂಗನ ಕಾಯಿಲೆ ಋತುವಿನ ರೋಗ, ಡಿಸೆಂಬರಿನಿಂದ ಮೇ ತನಕ. ಒಂದು ವರ್ಷ ಕೇಸು ಕಡಿಮೆ ಬಂದರೆ ಊರಿಗೆ ಒಳ್ಳೆಯದು, ನಿಮಗೆ ಸ್ಯಾಂಪಲ್ ಇಲ್ಲ. ಎಥಿಕ್ಸ್ ಸಮಿತಿ, ಆರೋಗ್ಯ ಇಲಾಖೆ, ಆಸ್ಪತ್ರೆ, ಎಲ್ಲರ ಸಹಿ ಬೇಕು. ಜೀವಂತ ವೈರಸ್ ಬೆಳೆಸಬೇಕಾದರೆ ಹೆಚ್ಚಿನ ಸುರಕ್ಷತೆಯ ಲ್ಯಾಬ್ ಬೇಕು, ಅದು ಎಲ್ಲ ಕಡೆ ಇರುವುದಿಲ್ಲ. ಅವರನ್ನು ನೇರವಾಗಿ ಕೇಳಿ: ಗುಣವಾದವರ ರಕ್ತದ ಸ್ಯಾಂಪಲ್ ಈಗಾಗಲೇ ಎಷ್ಟು ಫ್ರೀಜರಿನಲ್ಲಿದೆ? ಅನುಮತಿ ಯಾವ ವರ್ಷದ ತನಕ ಇದೆ? ಗ್ರ್ಯಾಂಟ್ ಯಾವಾಗ ಮುಗಿಯುತ್ತದೆ? ಸ್ಯಾಂಪಲ್ ಬರದಿದ್ದರೆ ನನ್ನ ಥೀಸಿಸ್ಸಿನ ಎರಡನೇ ಅಧ್ಯಾಯ ಏನು? ನಾಲ್ಕನೆಯದಕ್ಕೆ ಉತ್ತರ ಸಿದ್ಧವಿದ್ದರೆ ಅವರು ವಿದ್ಯಾರ್ಥಿಯ ಬಗ್ಗೆ ಯೋಚಿಸಿದ್ದಾರೆ ಅಂತ. ಜೊತೆಗೆ, 31ರಲ್ಲಿ ಈ ಒಂಬತ್ತು ವರ್ಷದಲ್ಲಿ ಸ್ವಂತ ಲ್ಯಾಬಿನಿಂದ ಬಂದವು ಎಷ್ಟು ಅಂತ ನೋಡಿ, ಮೇಲೆ ಬಾಕಿ ಇಟ್ಟ ಮಾತು ಇದೇ. ಎಂಟೋ ಹತ್ತೋ ಇದ್ದು ಅರ್ಧದಷ್ಟರಲ್ಲಿ ವಿದ್ಯಾರ್ಥಿಗಳು ಮೊದಲ ಹೆಸರಾಗಿದ್ದರೆ ನಾನು ಕಣ್ಣುಮುಚ್ಚಿ ಹೋಗು ಅನ್ನುತ್ತೇನೆ. ಎರಡೋ ಮೂರೋ ಇದ್ದು ಉಳಿದದ್ದೆಲ್ಲ ಹಳೆಯ ಬಾಸ್ ಜೊತೆಯದ್ದಾದರೆ ಸ್ವಲ್ಪ ನಿಲ್ಲಿ.

ನಡುವಿನ ದಾರಿಯೂ ಇದೆ. ಎರಡನೆಯವರ ಹತ್ತಿರ ಸೇರಿ, ಟಿ ಕಣದ ಕೆಲಸ ಗೊತ್ತಿರುವ ದೊಡ್ಡ ಲ್ಯಾಬಿನವರನ್ನು ಕೋ-ಗೈಡ್ ಮಾಡಿಕೊಳ್ಳುವುದು. ಬೆಂಗಳೂರಿನಲ್ಲಿ ಐಐಎಸ್‌ಸಿ, ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಎಲ್ಲ ಹತ್ತಿರವೇ ಇವೆ, ಯಾರ ಜೊತೆ ಸಹಯೋಗ ಇದೆ ಅಂತ ಅವರನ್ನೇ ಕೇಳಿ. ಇಬ್ಬರು ಗೈಡ್ ಅಂದರೆ ಇಬ್ಬರು ಅತ್ತೆಯರ ಮನೆ ಅಂತ ನಮ್ಮಲ್ಲಿ ತಮಾಷೆ ಇದೆ. ಯಾರ ಪೇಪರಿನಲ್ಲಿ ಯಾರು ಕೊನೆಯ ಹೆಸರು ಅನ್ನುವುದನ್ನು ಶುರುವಿನಲ್ಲೇ ಈಮೇಲಿನಲ್ಲಿ ಬರೆಸಿಕೊಳ್ಳಿ.

ಮುಂದೆ ತೊಂದರೆ ಆಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಕೆಲಸದ ಅರ್ಜಿಯಲ್ಲಿ ಗೈಡಿನ ಎಚ್-ಇಂಡೆಕ್ಸ್‌ಗೆ ಕಾಲಂ ಇಲ್ಲ. ನಿಮ್ಮ ಮೊದಲ ಹೆಸರಿನ ಪೇಪರಿಗೆ ಇದೆ. ಥೀಸಿಸ್ ಸಲ್ಲಿಸುವ ಮೊದಲು ಪೇಪರ್ ಇರಲೇಬೇಕು ಅನ್ನುವ ನಿಯಮವನ್ನು ಯುಜಿಸಿ 2022ರಲ್ಲಿ ತೆಗೆಯಿತು, ಆದರೂ ಎಷ್ಟೋ ಸಂಸ್ಥೆಗಳು ತಮ್ಮದೇ ನಿಯಮ ಇಟ್ಟುಕೊಂಡಿವೆ. ಕೆಲಸಕ್ಕೆ ಹೋದರಂತೂ ಕೇಳಿಯೇ ಕೇಳುತ್ತಾರೆ. ಜರ್ನಲ್ಲಿನ ಅಂಕಿ ನೋಡಿ ಸಂಶೋಧಕರನ್ನು ಅಳೆಯಬೇಡಿ ಅನ್ನುವ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ, ಎಲ್ಲರೂ ಡೋರಾ ಅನ್ನುತ್ತಾರೆ, ರೂಪುಗೊಂಡದ್ದು 2012ರಲ್ಲಿ. ಸಹಿ ಹಾಕಿದ ಸಂಸ್ಥೆಗಳು ತುಂಬಾ ಇವೆ. ಸಹಿ ಹಾಕಿದ ಮೇಲೂ ಅರ್ಜಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಮೊತ್ತ ಕೂಡಿಸಿ ಬರೆಯಿರಿ ಅಂತ ಕೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಸಿಟ್ಟು ಮಾಡಿಕೊಂಡು ಕೂರದೆ, ಮೊದಲ ಪೇಪರಿನಿಂದಲೇ ಹೆಸರನ್ನು ಒಂದೇ ರೀತಿ ಬರೆಯಿರಿ, ಇನಿಶಿಯಲ್ ಹಿಂದೆ ಮುಂದೆ ಮಾಡಬೇಡಿ, ಓರ್ಕಿಡ್ ನಂಬರ್ (ಸಂಶೋಧಕರಿಗೆ ಕೊಡುವ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ. ಮದುವೆಯಾದ ಮೇಲೆ ಹೆಸರು ಬದಲಾಯಿಸುವ ಯೋಚನೆ ಇದ್ದರೂ ಪೇಪರಿನಲ್ಲಿ ಮುಟ್ಟಬೇಡಿ. ನನ್ನ ಮೊದಲ ಮೂರು ಪೇಪರ್ ಇವತ್ತಿಗೂ ಯಾರದೋ ಪ್ರೊಫೈಲಿನಲ್ಲಿವೆ.

ಸೇರುವ ಮುಂಚೆ ಎರಡೂ ಲ್ಯಾಬಿಗೆ ಇನ್ನೊಮ್ಮೆ ಹೋಗಿ ಬನ್ನಿ, ಸಾಧ್ಯವಾದರೆ ಲ್ಯಾಬ್ ಮೀಟಿಂಗ್ ಇರುವ ದಿನ. ವಿದ್ಯಾರ್ಥಿ ಕೆಟ್ಟ ಡೇಟಾ ತೋರಿಸಿದಾಗ ಗೈಡ್ ಮುಖ ನೋಡಿ. ಆಮೇಲೆ ನಾಲ್ಕನೇ ವರ್ಷದ ಯಾರನ್ನಾದರೂ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿ. ಮೂರನೇ ವರ್ಷದವರು ಗೈಡನ್ನು ಬೈಯುತ್ತಾರೆ, ಎಲ್ಲ ಲ್ಯಾಬಿನಲ್ಲೂ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಾಲ್ಕನೇ ವರ್ಷದವರು ಏನೂ ಹೇಳದೆ ಸುಮ್ಮನೆ ಟೀ ಕುಡಿದು ಎದ್ದರೆ, ಅದನ್ನು ತೆಗೆದುಕೊಳ್ಳಿ.